ಟಾರ್ಚಿನ ಸರ್ಕಿಟ್ಟಿಗೆ ಯಾವ ಡಯೋಡ್ ಹಾಕಬೇಕು?

ಕೆಟ್ಟ ಟಾರ್ಚನ್ನು ಬಿಸಾಡದೆ ಅದರ ಹಳೆಯ ಬಲ್ಬು ತೆಗೆದು ಬಿಳಿ ಎಲ್‌ಇಡಿ ಕೂರಿಸುವುದು, ಒಂದೇ ಒಂದು ಪೆನ್ಸಿಲ್ ಸೆಲ್ಲಿನಿಂದ ಅದನ್ನು ಉರಿಸುವುದು, ಇವೆಲ್ಲ ಹಳ್ಳಿಯ ಹುಡುಗ ಹುಡುಗಿಯರು ಮನೆಯ ಜಗಲಿಯಲ್ಲಿ ಕೂತು ಮಾಡಬಹುದಾದ ಕೆಲಸ. ಒಂದು ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್, ತಂತಿ ಸುತ್ತಿದ ಒಂದು ಫೆರೈಟ್ ಉಂಗುರ, ಒಂದು ಡಯೋಡ್, ಒಂದು ಕೆಪಾಸಿಟರ್. ಸಾಮಾನು ಅಷ್ಟೇ. ಇವುಗಳಲ್ಲಿ ಅತಿ ಕಡಿಮೆ ಗಮನ ಸಿಗುವುದು ಡಯೋಡಿಗೆ. ಅಂಗಡಿಗೆ ಹೋಗಿ, “ಅಣ್ಣಾ, ಒಂದು ಡಯೋಡ್ ಕೊಡಿ” ಅಂದರೆ, “ಇದು ತಗೊಳ್ಳಪ್ಪ, ಎಲ್ಲದಕ್ಕೂ ಆಗುತ್ತೆ” ಎಂದು ಅವರು ಡಬ್ಬದಿಂದ ತೆಗೆದುಕೊಡುವುದು ಹೆಚ್ಚಾಗಿ ಕಪ್ಪು ಮೈಯ, ಬೆಳ್ಳಿ ಪಟ್ಟಿಯ 1ಎನ್4007. ಬೆಲೆ ಒಂದೆರಡು ರೂಪಾಯಿ. ತಂದು ಬೆಸುಗೆ ಹಾಕಿದರೆ ಟಾರ್ಚು ಉರಿಯುತ್ತದೆ. ಎಲ್ಲರಿಗೂ ಸಂತೋಷ.

ಆದರೆ ಸೆಲ್ಲು ಬೇಗ ಮುಗಿಯುತ್ತದೆ. ಬೆಳಕು ಸ್ವಲ್ಪ ಮಂಕು. “ಮನೆಯಲ್ಲಿ ಮಾಡಿದ್ದು ಅಷ್ಟೇ ಬಿಡಿ” ಅಂತ ಜನ ಅಂದುಕೊಳ್ಳುತ್ತಾರೆ. ತಪ್ಪು ಮನೆಯಲ್ಲಿ ಮಾಡಿದ್ದರಲ್ಲಿ ಇಲ್ಲ, ಆ ಒಂದು ಡಯೋಡಿನಲ್ಲಿದೆ. ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟು ಇಲ್ಲದ ಊರಿನಲ್ಲಿ, ರಾತ್ರಿ ಕೊಟ್ಟಿಗೆಗೆ ಹೋಗಬೇಕಾದ ಹೆಂಗಸಿಗೆ, ತೋಟದ ಲೈನ್ ಮನೆಯಿಂದ ಕಾಲುದಾರಿಯಲ್ಲಿ ನಡೆಯಬೇಕಾದವರಿಗೆ, ಕಾಲಿನ ಬಳಿ ಏನು ಬಿದ್ದಿದೆ ಅಂತ ಕಾಣುವುದು ಸಣ್ಣ ಮಾತಲ್ಲ. ಆದ್ದರಿಂದ ಈ ಪಾಠದಲ್ಲಿ ನಾವು ಡಯೋಡ್ ಒಂದನ್ನೇ ಹಿಡಿದು ಮಾತಾಡೋಣ. ಡಯೋಡಿಗೆ ಕೊಡುವ ದುಡ್ಡು ಒಂದೇ ಸಲ. ಡಯೋಡ್ ತಿನ್ನುವ ಸೆಲ್ಲಿನ ದುಡ್ಡು ಮಾತ್ರ ಪ್ರತಿ ರಾತ್ರಿ. ಈ ಎರಡನ್ನೂ ಒಟ್ಟಿಗೆ ಇಟ್ಟು ಲೆಕ್ಕ ಹಾಕುವುದನ್ನು ಕಲಿಯಬೇಕು.

ಸರ್ಕಿಟ್ಟಿನಲ್ಲಿ ಡಯೋಡ್ ಯಾಕೆ?

ಬಿಳಿ ಎಲ್‌ಇಡಿ ಉರಿಯಬೇಕಾದರೆ ಸುಮಾರು 3ರಿಂದ 3.4 ವೋಲ್ಟ್ ಬೇಕು. ಹೊಸ ಪೆನ್ಸಿಲ್ ಸೆಲ್ಲಿನಲ್ಲಿರುವುದು 1.5 ವೋಲ್ಟ್. ಮತ್ತೆ ಮತ್ತೆ ಚಾರ್ಜ್ ಮಾಡುವ ನಿಕಲ್ ಸೆಲ್ಲಿನಲ್ಲಿ 1.2 ವೋಲ್ಟ್. ನೇರವಾಗಿ ಜೋಡಿಸಿದರೆ ಎಲ್‌ಇಡಿ ಕಣ್ಣೇ ಬಿಡುವುದಿಲ್ಲ. ಹಾಗಾಗಿ ವೋಲ್ಟೇಜ್ ಏರಿಸುವ ಸಣ್ಣ ಸರ್ಕಿಟ್ ಬೇಕು. ಟ್ರಾನ್ಸಿಸ್ಟರ್ ಒಂದು ಸ್ವಿಚ್ಚಿನ ಹಾಗೆ ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುತ್ತದೆ. ಆನ್ ಆದಾಗ ಕಾಯಿಲಿನಲ್ಲಿ ಶಕ್ತಿ ತುಂಬುತ್ತದೆ. ಆಫ್ ಆದ ತಕ್ಷಣ ಕಾಯಿಲ್ ಆ ಶಕ್ತಿಯನ್ನು ಹೆಚ್ಚಿನ ವೋಲ್ಟೇಜಿನಲ್ಲಿ ಹೊರಗೆ ತಳ್ಳುತ್ತದೆ. 1999ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ‘ಎವ್ರಿಡೇ ಪ್ರಾಕ್ಟಿಕಲ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯಲ್ಲಿ ಕಪಾರ್ನಿಕ್ ಎಂಬುವರು ಒಂದು ಟ್ರಾನ್ಸಿಸ್ಟರಿನ ಇಂಥ ಸರ್ಕಿಟ್ಟನ್ನು ಪ್ರಕಟಿಸಿದರು. ಮುಂದೆ ಅದಕ್ಕೆ ‘ಜೂಲ್ ಥೀಫ್’ ಎಂಬ ತಮಾಷೆಯ ಹೆಸರು ಬಂತು. ಜೂಲ್ ಅಂದರೆ ಶಕ್ತಿಯ ಅಳತೆ, ಥೀಫ್ ಅಂದರೆ ಕಳ್ಳ. ಸತ್ತ ಸೆಲ್ಲಿನಿಂದಲೂ ಉಳಿದ ಶಕ್ತಿಯನ್ನು ಕದಿಯುತ್ತದೆ ಅಂತ.

ಕಾಯಿಲ್ ತಳ್ಳಿದ ಕರೆಂಟು ಕೆಪಾಸಿಟರಿಗೆ ಹೋಗಿ ಕೂತುಕೊಳ್ಳಬೇಕು, ಅಲ್ಲಿಂದ ಎಲ್‌ಇಡಿಗೆ ಒಂದೇ ಸಮನೆ ಸಿಗಬೇಕು. ಟ್ರಾನ್ಸಿಸ್ಟರ್ ಮತ್ತೆ ಆನ್ ಆದಾಗ ಅದು ಹಿಂದಕ್ಕೆ ಹರಿದು ಬರಬಾರದು. ಇದನ್ನು ನೋಡಿಕೊಳ್ಳುವವನೇ ಡಯೋಡ್.

ಬಾವಿಗೆ ಪಂಪು ಇಟ್ಟವರಿಗೆಲ್ಲ ಫುಟ್‌ವಾಲ್ವ್ ಗೊತ್ತು. ನೀರು ಮೇಲಕ್ಕೆ ಹೋಗಲು ಬಿಡುತ್ತದೆ, ಕೆಳಗೆ ಬೀಳಲು ಬಿಡುವುದಿಲ್ಲ. ಡಯೋಡೂ ಅದೇ. ಫುಟ್‌ವಾಲ್ವ್ ಕೊಳ್ಳುವಾಗ ನಾವು ಏನು ನೋಡುತ್ತೇವೆ? ಅದರ ಮುಚ್ಚಳ ಬಿಗಿಯಾಗಿದ್ದರೆ ತೆರೆಯಲಿಕ್ಕೇ ಪಂಪಿನ ಜೋರು ಖರ್ಚಾಗುತ್ತದೆ. ಮುಚ್ಚಿಕೊಳ್ಳಲು ತಡ ಮಾಡಿದರೆ ಅಷ್ಟರಲ್ಲಿ ಪೈಪಿನ ನೀರು ಬಾವಿಗೆ ಇಳಿದಿರುತ್ತದೆ. ಮುಚ್ಚಿದ ಮೇಲೂ ಸೋರುತ್ತಿದ್ದರೆ ಬೆಳಗಾಗುವಾಗ ಪೈಪು ಖಾಲಿ. ಡಯೋಡಿನಲ್ಲಿಯೂ ಇವೇ ಮೂರು: ತೆರೆಯಲು ಬೇಕಾಗುವ ವೋಲ್ಟೇಜ್, ಮುಚ್ಚಲು ಹಿಡಿಯುವ ಸಮಯ, ಮುಚ್ಚಿದ ಮೇಲಿನ ಸೋರಿಕೆ. ಇದರ ಮೇಲೆ, ಎಷ್ಟು ಕರೆಂಟು ತಡೆಯುತ್ತದೆ, ಹಿಂದಿನಿಂದ ಎಷ್ಟು ವೋಲ್ಟೇಜ್ ತಡೆಯುತ್ತದೆ ಎಂಬ ಎರಡು ಮಿತಿಗಳು. ಅಂಗಡಿಯವರು ಸಾಮಾನ್ಯವಾಗಿ ಹೇಳುವುದು ಕೊನೆಯ ಎರಡನ್ನು ಮಾತ್ರ. “ಸಾವಿರ ವೋಲ್ಟ್, ಒಂದು ಆಂಪಿಯರ್, ಗಟ್ಟಿ ಮಾಲು” ಅಂತ. ನಮ್ಮ 3 ವೋಲ್ಟಿನ ಟಾರ್ಚಿಗೆ ಸಾವಿರ ವೋಲ್ಟ್ ಕಟ್ಟಿಕೊಂಡು ಏನಾಗಬೇಕು?

ಸೆಲ್ಲಿನ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಎಲ್‌ಇಡಿಗೆ 3.2 ವೋಲ್ಟ್, 100 ಮಿಲಿ ಆಂಪಿಯರ್ ಕೊಡಬೇಕು. ಅಂದರೆ 0.32 ವ್ಯಾಟ್. ಓದಲು, ಅಡುಗೆ ಮಾಡಲು, ಅಂಗಳಕ್ಕೆ ಹೋಗಿಬರಲು ಸಾಕಾಗುವ ಬೆಳಕು.

1ಎನ್4007 ಸಿಲಿಕಾನಿನ ಸಾಧಾರಣ ಡಯೋಡ್. ಇಂಥ ಸರ್ಕಿಟ್ಟಿನಲ್ಲಿ ಕರೆಂಟು ಏರಿಳಿಯುತ್ತಾ ಹೋಗುವುದರಿಂದ ಅದರೊಳಗೆ ಹೆಚ್ಚುಕಡಿಮೆ 0.8 ವೋಲ್ಟ್ ಉಳಿದುಬಿಡುತ್ತದೆ. ಕಾಯಿಲ್ 4 ವೋಲ್ಟ್ ಕೊಟ್ಟರೆ ಎಲ್‌ಇಡಿಗೆ ಸಿಗುವುದು 3.2. ಅಂದರೆ ಡಯೋಡಿನ ತನಕ ಬಂದ ಶಕ್ತಿಯಲ್ಲಿ ಐದರಲ್ಲಿ ಒಂದು ಪಾಲು ಬರೀ ಬಿಸಿಯಾಗಿ ಹೋಯಿತು. ಅದೇ ಜಾಗದಲ್ಲಿ ಷಾಟ್ಕಿ ಡಯೋಡ್ ಹಾಕಿದರೆ ಒಳಗೆ ಉಳಿಯುವುದು ಸುಮಾರು 0.4 ವೋಲ್ಟ್. ನಷ್ಟ ಒಂಬತ್ತರಲ್ಲಿ ಒಂದು ಪಾಲು. ಸರಿಸುಮಾರು ಅರ್ಧಕ್ಕೆ ಇಳಿಯಿತು.

ಇದೇ ನಷ್ಟ ಗೋಡೆಯ ಪ್ಲಗ್ಗಿನಿಂದ ನಡೆಯುವ ಯಂತ್ರದಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. 230 ವೋಲ್ಟಿನಲ್ಲಿ 0.8 ಹೋದರೆ ಯಾರು ಕೇಳುತ್ತಾರೆ? 1ಎನ್4007 ಹುಟ್ಟಿದ್ದೇ ಆ ಕೆಲಸಕ್ಕೆ, ಅಲ್ಲಿ ಅದು ಒಳ್ಳೆಯ ಆಳು. ನಾವು 1.2 ವೋಲ್ಟಿನ ಬಡ ಸೆಲ್ಲನ್ನು ಇಟ್ಟುಕೊಂಡು ಸಂಸಾರ ನಡೆಸುತ್ತಿದ್ದೇವೆ. ನಮಗೆ 0.4 ವೋಲ್ಟ್ ಅಂದರೆ ದೊಡ್ಡ ಮೊತ್ತ.

ಇದು ಬರೀ ಮೊದಲ ನಷ್ಟ. ಎರಡನೆಯದು ಕಣ್ಣಿಗೆ ಕಾಣದ್ದು. ನಮ್ಮ ಸರ್ಕಿಟ್ ಸೆಕೆಂಡಿಗೆ 50 ಸಾವಿರ ಸಲ ಆನ್ ಆಫ್ ಆಗುತ್ತದೆ ಅಂದುಕೊಳ್ಳಿ. ಒಂದು ಸುತ್ತಿಗೆ ಸಿಗುವ ಸಮಯ 20 ಮೈಕ್ರೋಸೆಕೆಂಡ್. 1ಎನ್4007 ಮುಚ್ಚಿಕೊಳ್ಳಲಿಕ್ಕೇ ಎರಡು ಮೈಕ್ರೋಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ತೆಗೆದುಕೊಳ್ಳಬಹುದು. ಸೆಕೆಂಡಿಗೆ 50 ಸಲ ಮಾತ್ರ ಏರಿಳಿಯುವ ಮನೆಯ ಕರೆಂಟಿನಲ್ಲಿ ಇದು ಲೆಕ್ಕಕ್ಕೇ ಇಲ್ಲ. ಇಲ್ಲಿ ಮಾತ್ರ ಪ್ರತಿ ಸುತ್ತಿನಲ್ಲಿಯೂ ಕೆಪಾಸಿಟರಿಗೆ ಕಷ್ಟಪಟ್ಟು ತುಂಬಿದ್ದರಲ್ಲಿ ಒಂದಿಷ್ಟು ಅರೆ ತೆರೆದ ಬಾಗಿಲಿನಿಂದ ಹಿಂದಕ್ಕೆ ಓಡಿಬರುತ್ತದೆ. ಅದನ್ನು ಟ್ರಾನ್ಸಿಸ್ಟರ್ ನುಂಗಿ ತಾನೂ ಬಿಸಿಯಾಗುತ್ತದೆ. ಟಾರ್ಚಿನೊಳಗೆ ಟ್ರಾನ್ಸಿಸ್ಟರ್ ಮುಟ್ಟಲಾರದಷ್ಟು ಬಿಸಿಯಾದರೆ ಮೊದಲು ಡಯೋಡಿನ ಹೆಸರು ಓದಿ ನೋಡಿ ಎಂದು ನಾವು ಹೇಳುವುದು ಇದಕ್ಕೇ.

ಷಾಟ್ಕಿ ಅಂದರೆ ಏನು?

ಜರ್ಮನಿಯ ವಿಜ್ಞಾನಿ ವಾಲ್ಟರ್ ಷಾಟ್ಕಿ ಅವರ ಹೆಸರು ಇದಕ್ಕೆ ಬಂದಿದೆ. ಸಾಧಾರಣ ಡಯೋಡಿನಲ್ಲಿ ಎರಡು ಬಗೆಯ ಸಿಲಿಕಾನ್ ಅಂಟಿಕೊಂಡಿರುತ್ತವೆ. ಷಾಟ್ಕಿಯಲ್ಲಿ ಸಿಲಿಕಾನಿಗೆ ಲೋಹ ಅಂಟಿಕೊಂಡಿರುತ್ತದೆ. ಹಾಗಾಗಿ ತೆರೆಯಲು ಕಡಿಮೆ ವೋಲ್ಟೇಜ್ ಸಾಕು. ಕರೆಂಟು ನಿಂತ ಮೇಲೆ ಒಳಗೆ ಉಳಿದುಕೊಂಡು ತಡ ಮಾಡಿಸುವ ಶೇಖರಣೆಯೂ ಇರುವುದಿಲ್ಲ. ತಟ್ಟನೆ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಕೊಡಬೇಕಾದ ಬೆಲೆ ಎರಡು: ಸೋರಿಕೆ ಸ್ವಲ್ಪ ಹೆಚ್ಚು, ಹಿಂದಿನಿಂದ ಬರುವ ದೊಡ್ಡ ವೋಲ್ಟೇಜ್ ತಡೆಯುವ ಶಕ್ತಿ ಕಡಿಮೆ. ನಮ್ಮ ಟಾರ್ಚಿಗೆ ಈ ಎರಡೂ ಅಷ್ಟು ತೊಂದರೆ ಕೊಡುವುದಿಲ್ಲ.

ಅಂಗಡಿಯಲ್ಲಿ ಕೇಳಬೇಕಾದ ಹೆಸರು 1ಎನ್5817, 1ಎನ್5818 ಅಥವಾ 1ಎನ್5819. ಮೂರೂ ಒಂದು ಆಂಪಿಯರಿನವು, ನೋಡಲೂ 1ಎನ್4007ನಂತೆಯೇ ಕಪ್ಪು. (ಡಯೋಡಿನ ಮೈಮೇಲೆ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ತೀರಾ ಚಿಕ್ಕದಾಗಿ ಇರುತ್ತದೆ, ಭೂತಗನ್ನಡಿ ಇಟ್ಟುಕೊಳ್ಳಿ.) ಹಿಂದಿನ ವೋಲ್ಟೇಜ್ ತಡೆಯುವ ಶಕ್ತಿ ಕ್ರಮವಾಗಿ 20, 30, 40 ವೋಲ್ಟ್. ತಯಾರಕರು ಕೊಡುವ ಪಟ್ಟಿಯ ಪ್ರಕಾರ ಒಂದು ಆಂಪಿಯರ್ ಹರಿಯುವಾಗ ಒಳಗೆ ಉಳಿಯುವ ವೋಲ್ಟೇಜ್ ಹೆಚ್ಚೆಂದರೆ 5817ರಲ್ಲಿ 0.45, 5818ರಲ್ಲಿ 0.55, 5819ರಲ್ಲಿ 0.6.

ಇದನ್ನು ಓದಿದವರು “ಹಾಗಾದರೆ 5817ನ್ನೇ ಹುಡುಕಬೇಕು” ಅಂತ ಹೊರಡುತ್ತಾರೆ. ಸ್ವಲ್ಪ ನಿಲ್ಲಿ. ಅದೇ ಪಟ್ಟಿಯಲ್ಲಿ 0.1 ಆಂಪಿಯರಿನ ಸಾಲು ನೋಡಿದರೆ 5817ಕ್ಕೆ 0.32, 5819ಕ್ಕೆ 0.34. ವ್ಯತ್ಯಾಸ ಬರೀ 0.02 ವೋಲ್ಟ್. ಸಣ್ಣ ಟಾರ್ಚಿಗೆ ಇದು ಯಾವ ಲೆಕ್ಕಕ್ಕೂ ಇಲ್ಲ. ನಿಮ್ಮ ತಾಲ್ಲೂಕಿನ ಟಿ.ವಿ. ರಿಪೇರಿ ಅಂಗಡಿಯಲ್ಲಿ 5819 ಸಿಕ್ಕಿತೋ, ಅದನ್ನೇ ತಗೊಳ್ಳಿ. 5817 ಹುಡುಕಿಕೊಂಡು ಜಿಲ್ಲಾ ಕೇಂದ್ರಕ್ಕೆ ಬಸ್ ಹತ್ತಿದರೆ ಬಸ್ ಚಾರ್ಜಿನಲ್ಲಿ ಸೆಲ್ಲಿನ ಪ್ಯಾಕೆಟ್ಟೇ ಬರುತ್ತದೆ. ಷಾಟ್ಕಿಯ ಬೆಲೆ ಅಂಗಡಿಯಿಂದ ಅಂಗಡಿಗೆ ಬೇರೆ. 4007ರ ಎರಡು ಮೂರು ಪಟ್ಟು ಇರಬಹುದು. ಎರಡು ಮೂರು ಪಟ್ಟು ಅಂದರೂ ಚಿಲ್ಲರೆ ಕಾಸೇ. ಸಂಘದಲ್ಲಿ ಐದಾರು ಜನ ಸೇರಿ ನೂರು ಒಟ್ಟಿಗೆ ತರಿಸಿದರೆ ಇನ್ನೂ ಇಳಿಯುತ್ತದೆ. ಬೆಂಗಳೂರಿಗೆ ಹೋಗಿಬರುವವರಿದ್ದರೆ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿಸಬಹುದು.

“ದೊಡ್ಡದಿದ್ದರೆ ಒಳ್ಳೆಯದಲ್ವಾ?” ಅಂತ ಕೆಲವರು 1ಎನ್5822 ತರುತ್ತಾರೆ. ಅದು ಮೂರು ಆಂಪಿಯರಿನ ಷಾಟ್ಕಿ. ಕೆಟ್ಟದ್ದಲ್ಲ. ಆದರೆ ಮೈ ದಪ್ಪ, ಸೋರಿಕೆಯೂ ಹೆಚ್ಚು. ಕಾಲು ಎಷ್ಟು ದಪ್ಪ ಅಂದರೆ ಸಾಮಾನ್ಯ ತೂತಿನ ಬೋರ್ಡಿನಲ್ಲಿ ಇಳಿಯುವುದೇ ಕಷ್ಟ. ಎರಡು ಮೂರು ಸೆಲ್ಲಿನಿಂದ ಒಂದು ವ್ಯಾಟಿನ ಅಥವಾ ಅದಕ್ಕೂ ದೊಡ್ಡ ಎಲ್‌ಇಡಿ ಉರಿಸುವವರಿಗೆ ಅದು ಸರಿ. ಒಂದು ಸೆಲ್ಲಿನ ಟಾರ್ಚಿಗೆ ಎತ್ತಿನ ಗಾಡಿಯಲ್ಲಿ ಒಂದು ತೆಂಗಿನಕಾಯಿ ಸಾಗಿಸಿದಂತೆ.

ಆಂಪಿಯರ್ ಹೇಗೆ ನಿಶ್ಚಯಿಸಬೇಕು ಎನ್ನುವುದನ್ನೂ ಹೇಳಿಬಿಡುತ್ತೇವೆ, ಇಲ್ಲಿ ತುಂಬಾ ಜನ ಎಡವುತ್ತಾರೆ. ಎಲ್‌ಇಡಿಗೆ 100 ಮಿಲಿ ಆಂಪಿಯರ್ ಸಾಕು, ಹಾಗಾಗಿ ಡಯೋಡಿಗೂ 100 ಸಾಕು ಅನ್ನುವುದು ಸರಿಯಲ್ಲ. 0.32 ವ್ಯಾಟ್ ಬೆಳಕಿಗೆ, ನಷ್ಟವೂ ಸೇರಿ, 1.2 ವೋಲ್ಟಿನ ಸೆಲ್ಲಿನಿಂದ ಸುಮಾರು 350 ಮಿಲಿ ಆಂಪಿಯರ್ ಎಳೆಯಬೇಕಾಗುತ್ತೆ. ಕಾಯಿಲಿನಲ್ಲಿ ಕರೆಂಟು ಸೊನ್ನೆಯಿಂದ ಏರಿ ಮತ್ತೆ ಸೊನ್ನೆಗೆ ಇಳಿಯುವ ಕಾರಣ ಅದರ ತುದಿ ಸರಾಸರಿಯ ಎರಡರಷ್ಟು, ಅಂದರೆ 700 ಮಿಲಿ ಆಂಪಿಯರ್. ಟ್ರಾನ್ಸಿಸ್ಟರ್ ಆಫ್ ಆದ ಕ್ಷಣ ಅಷ್ಟೂ ಕರೆಂಟು ಡಯೋಡಿನೊಳಗೆ ನುಗ್ಗುತ್ತದೆ. ಒಂದು ಆಂಪಿಯರಿನ ಡಯೋಡ್ ಯಾಕೆ ಬೇಕು ಎನ್ನುವುದು ಈಗ ತಿಳಿಯಿತು. ಟ್ರಾನ್ಸಿಸ್ಟರಿಗೂ ಇದೇ ಮಾತು. ಬಿಸಿ547 ತಡೆಯುವುದು ಬರೀ 100 ಮಿಲಿ ಆಂಪಿಯರ್. ಈ ಬೆಳಕಿಗೆ ಅದು ಸಾಲದು, ಡಿ882ನಂಥ ದೊಡ್ಡದು ಬೇಕು.

ಬೇರೆ ಡಯೋಡ್‌ಗಳು

ಗಾಜಿನ ಮೈಯ, ಕಿತ್ತಳೆ ಬಣ್ಣದ ಪುಟ್ಟ 1ಎನ್4148 ಎಲ್ಲ ಕಡೆ ಸಿಗುತ್ತದೆ, ತುಂಬಾ ಅಗ್ಗ. ಮುಚ್ಚಿಕೊಳ್ಳುವುದರಲ್ಲಿ ಭಾರೀ ಚುರುಕು, ಬರೀ 4 ನ್ಯಾನೋಸೆಕೆಂಡ್. ಹಾಗಾಗಿ 4007ಕ್ಕಿಂತ ಇದು ವಾಸಿ ಅಂತ ಕಾಣುತ್ತದೆ. ಒಂದೇ ಒಂದು 5 ಮಿಲಿಮೀಟರ್ ಎಲ್‌ಇಡಿಯನ್ನು 20 ಮಿಲಿ ಆಂಪಿಯರಿನಲ್ಲಿ ಉರಿಸುವುದಾದರೆ ನಡೆಯುತ್ತದೆ. ಆದರೆ 100 ಮಿಲಿ ಆಂಪಿಯರ್ ದಾಟಿದರೆ ಅದರೊಳಗೇ ಒಂದು ವೋಲ್ಟಿನ ಹತ್ತಿರ ಉಳಿಯುತ್ತದೆ. ಮೇಲಿನ 700 ಮಿಲಿ ಆಂಪಿಯರಿನ ಉದಾಹರಣೆಯಲ್ಲಿ ಅದನ್ನು ಹಾಕಲೇಬೇಡಿ. ಚುರುಕು ಇದೆ, ಬೆನ್ನಿಗೆ ಬಲ ಇಲ್ಲ.

ಎಫ್‌ಆರ್107, ಯುಎಫ್4007 ಎಂಬ ‘ಫಾಸ್ಟ್’ ಡಯೋಡ್‌ಗಳನ್ನು ಅಂಗಡಿಯವರು ಷಾಟ್ಕಿಗೆ ಬದಲಾಗಿ ಕೊಡುವುದುಂಟು. ಇವು ಬೇಗ ಮುಚ್ಚಿಕೊಳ್ಳುತ್ತವೆ ನಿಜ. ಆದರೆ ತೆರೆಯಲು 4007ಕ್ಕಿಂತಲೂ ಹೆಚ್ಚು ವೋಲ್ಟೇಜ್ ಬೇಕು. ಒಂದು ಆಂಪಿಯರಿನಲ್ಲಿ ಯುಎಫ್4007ರ ಮಿತಿ 1.7 ವೋಲ್ಟ್! ಚಾರ್ಜರಿನ ದೊಡ್ಡ ವೋಲ್ಟೇಜಿನ ಬದಿಗೆ ಮಾಡಿದ ಡಯೋಡ್ ಅದು. ಒಂದು ಸೆಲ್ಲಿನ ಟಾರ್ಚಿಗಲ್ಲ.

ಬಿಎಟಿ85 ಅಂತ ಗಾಜಿನ ಸಣ್ಣ ಷಾಟ್ಕಿ ಇದೆ. 30 ವೋಲ್ಟ್, 200 ಮಿಲಿ ಆಂಪಿಯರ್. ಒಂದು ಎಲ್‌ಇಡಿಯ ಪುಟ್ಟ ದೀಪಕ್ಕೆ ಚೆನ್ನಾಗಿ ಹೊಂದುತ್ತದೆ, ಸಿಕ್ಕರೆ ಬಿಡಬೇಡಿ. 1ಎನ್4148, ಸಣ್ಣ ಝೀನರ್ ಮತ್ತು ಇದು ನೋಡಲು ಅಣ್ಣತಮ್ಮಂದಿರ ಹಾಗೆ. ಒಂದೇ ಡಬ್ಬದಲ್ಲಿ ಹಾಕಿಟ್ಟರೆ ಆಮೇಲೆ ತಲೆನೋವು. ಬೋರ್ಡಿನ ಮೇಲ್ಮೈಗೇ ಬೆಸುಗೆ ಹಾಕುವ ಚಪ್ಪಟೆ ಡಯೋಡ್‌ಗಳಲ್ಲಿ ಎಸ್‌ಎಸ್14 ಅಂದರೆ ಒಂದು ಆಂಪಿಯರ್ 40 ವೋಲ್ಟ್, ಎಸ್‌ಎಸ್34 ಅಂದರೆ ಮೂರು ಆಂಪಿಯರ್ 40 ವೋಲ್ಟ್. ಕೈ ಪಳಗಿದವರು ಎಸ್‌ಎಸ್14ಕ್ಕೆ ಎರಡು ತಂತಿ ಹಾಕಿ ಧಾರಾಳವಾಗಿ ಬಳಸಬಹುದು.

ಡಯೋಡೇ ಬೇಡದ ಟಾರ್ಚು

ಅಗ್ಗದ ಡಯೋಡ್ ಯಾವುದು ಅಂದರೆ ಕೊಳ್ಳದೇ ಇರುವ ಡಯೋಡ್! ಒಂದೇ ಒಂದು ಸಣ್ಣ ಎಲ್‌ಇಡಿ ಉರಿಸುವ ಸರಳ ಜೂಲ್ ಥೀಫಿನಲ್ಲಿ ಬೇರೆ ಡಯೋಡೂ ಬೇಡ, ಕೆಪಾಸಿಟರೂ ಬೇಡ. ಎಲ್‌ಇಡಿ ಅನ್ನುವುದರ ಕೊನೆಯ ‘ಡಿ’ ಅಂದರೇ ಡಯೋಡ್. ಅದೇ ಕರೆಂಟನ್ನು ಒಂದು ದಿಕ್ಕಿಗೆ ಮಾತ್ರ ಬಿಡುತ್ತದೆ. ಬೆಳಕು ಸೆಕೆಂಡಿಗೆ ಸಾವಿರಾರು ಸಲ ಮಿಟುಕುತ್ತದೆ, ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ. ಶಾಲೆಯ ಮಕ್ಕಳಿಗೆ ಕಲಿಸುವವರು ಇದರಿಂದಲೇ ಶುರು ಮಾಡಲಿ: ಬಿಸಿ547 ಅಥವಾ ಬಿಸಿ337, ಒಂದು ಕಿಲೋ ಓಮಿನ ರೆಸಿಸ್ಟರ್, ಫೆರೈಟ್ ಉಂಗುರದ ಮೇಲೆ ಎರಡು ತಂತಿ ಜೊತೆಯಾಗಿ 20 ಸುತ್ತು.

ಹಾಗಾದರೆ ಡಯೋಡ್, ಕೆಪಾಸಿಟರ್ ಯಾವಾಗ ಬೇಕು? ಬೆಳಕು ಹೆಚ್ಚು ಬೇಕಾದಾಗ. ತುದಿ ಕರೆಂಟಿನ ಹೊಡೆತ ಹೊಡೆತವಾಗಿ ಉರಿಸಿದರೆ ಎಲ್‌ಇಡಿ ಅಷ್ಟೇ ಶಕ್ತಿಗೆ ಕಡಿಮೆ ಬೆಳಕು ಕೊಡುತ್ತದೆ, ಬೇಗ ದಣಿಯುತ್ತದೆ. ಒಂದೇ ಸಮನೆ ಕೊಟ್ಟರೆ ಹೆಚ್ಚು ಬೆಳಕು. ಸಣ್ಣ ದೀಪದಲ್ಲಿ ಈ ಲಾಭವನ್ನು ಡಯೋಡಿನ ನಷ್ಟವೇ ತಿಂದುಹಾಕಬಹುದು. ದೊಡ್ಡ ದೀಪದಲ್ಲಿ ಡಯೋಡ್ ಹಾಕಿದ್ದೇ ಲಾಭ. ಸೋಲಾರ್ ತೋಟದ ದೀಪಗಳಲ್ಲಿ ನಾಲ್ಕು ಕಾಲಿನ ಪುಟ್ಟ ಐಸಿ ಇರುತ್ತದೆ. ಅಂಥ ಕೆಲವು ಐಸಿಗಳಲ್ಲಿ ಡಯೋಡಿನ ಕೆಲಸವೂ ಒಳಗೇ ಸೇರಿದೆ. ಹೊರಗೆ ಒಂದು ಕಾಯಿಲ್ ಮಾತ್ರ ಸಾಕು. ಕೆಟ್ಟ ದೀಪ ಸಿಕ್ಕರೆ ಆ ಐಸಿಯನ್ನು ಜೋಪಾನವಾಗಿ ಬಿಚ್ಚಿಟ್ಟುಕೊಳ್ಳಿ.

ಡಯೋಡ್, ಕೆಪಾಸಿಟರ್ ಹಾಕಿದ ಸರ್ಕಿಟ್ಟಿನಲ್ಲಿ ಒಂದು ಎಚ್ಚರಿಕೆ. ಎಲ್‌ಇಡಿಯ ತಂತಿ ಬಿಟ್ಟುಹೋದರೆ ಕಾಯಿಲ್ ತಳ್ಳಿದ ಶಕ್ತಿಗೆ ಹೋಗಲು ಜಾಗ ಇಲ್ಲದೆ ಕೆಪಾಸಿಟರಿನ ವೋಲ್ಟೇಜ್ ಏರುತ್ತಾ ಹೋಗುತ್ತದೆ. ಡಯೋಡ್, ಟ್ರಾನ್ಸಿಸ್ಟರ್, ಕೆಪಾಸಿಟರ್ ಮೂರರಲ್ಲಿ ಯಾವುದು ಬಡಪಾಯಿಯೋ ಅದು ಸಾಯುತ್ತದೆ. ಅದಕ್ಕೆ ಕೆಪಾಸಿಟರಿಗೆ ಅಡ್ಡಲಾಗಿ 5.1 ವೋಲ್ಟಿನ 1ಎನ್4733 ಝೀನರ್ ಹಾಕಿ. ಪಟ್ಟಿ ಇರುವ ಬದಿ ಪಾಸಿಟಿವ್ ಕಡೆಗೆ ಇರಲಿ. ಆಗ 20 ವೋಲ್ಟಿನ 5817 ಕೂಡ ನಿಶ್ಚಿಂತೆಯಿಂದ ಇರುತ್ತದೆ.

ಗುಜರಿಯಿಂದ ಡಯೋಡ್

ಕೆಟ್ಟ ಮೊಬೈಲ್ ಚಾರ್ಜರ್ ಈಗ ಯಾರ ಮನೆಯಲ್ಲಿ ಇಲ್ಲ? ಅದರ ಒಳಗೆ, ಮೊಬೈಲಿಗೆ ತಂತಿ ಹೋಗುವ ಬದಿಯಲ್ಲಿ, ಟ್ರಾನ್ಸ್‌ಫಾರ್ಮರಿಗೂ ದೊಡ್ಡ ಕೆಪಾಸಿಟರಿಗೂ ನಡುವೆ ಒಂದು ಡಯೋಡ್ ಇರುತ್ತದೆ. ತುಂಬಾ ಸಲ ಅದು 1ಎನ್5819, 1ಎನ್5822, ಎಸ್‌ಬಿ340 ಅಥವಾ ಎಸ್‌ಎಸ್34ನಂಥ ಷಾಟ್ಕಿಯೇ ಆಗಿರುತ್ತದೆ. ಹೊಸ ಬಗೆಯ ಕೆಲವು ಚಾರ್ಜರುಗಳಲ್ಲಿ ಡಯೋಡಿನ ಬದಲು ಟ್ರಾನ್ಸಿಸ್ಟರೇ ಆ ಕೆಲಸ ಮಾಡುತ್ತದೆ, ಅಲ್ಲಿ ಹುಡುಕಿ ಫಲವಿಲ್ಲ. ಪ್ಲಗ್ಗಿನ ಬದಿಯಲ್ಲಿ ಕಾಣುವ ನಾಲ್ಕು ಡಯೋಡ್‌ಗಳು 4007 ಜಾತಿಯವು, ಅವು ಬೇಡ. ಬಿಚ್ಚುವ ಮೊದಲು ಚಾರ್ಜರ್ ಪ್ಲಗ್ಗಿನಿಂದ ತೆಗೆದು ಸಾಕಷ್ಟು ಹೊತ್ತು ಬಿಡಿ. ಅದರ ಪ್ಲಗ್ ಬದಿಯ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರುತ್ತದೆ, ಜೋರಾಗಿ ಹೊಡೆಯುತ್ತದೆ. ಬಿಚ್ಚಿದ ಮೇಲೂ ಆ ಕೆಪಾಸಿಟರಿನ ಎರಡು ಕಾಲಿನ ನಡುವೆ ಮೀಟರ್ ಇಟ್ಟು ನೋಡದೆ ಕೈ ಹಾಕಬೇಡಿ. ಮಕ್ಕಳ ಕೈಗೆ ಈ ಕೆಲಸ ಕೊಡಲೇಬಾರದು.

ಸಿಎಫ್‌ಎಲ್ ಬಲ್ಬಿನ ಬುಡದಲ್ಲಿಯೂ ನಾಲ್ಕು 4007 ಸಿಗುತ್ತವೆ, ಅವೂ ನಮಗೆ ಪ್ರಯೋಜನವಿಲ್ಲ. ಆದರೆ ಅಲ್ಲಿರುವ ಪುಟ್ಟ ಫೆರೈಟ್ ಉಂಗುರ ಜೂಲ್ ಥೀಫಿಗೆ ಹೇಳಿ ಮಾಡಿಸಿದ್ದು. ಗಾಜಿನ ಕೊಳವೆ ಒಡೆಯದಂತೆ ನೋಡಿಕೊಳ್ಳಿ, ಒಳಗೆ ಪಾದರಸ ಇದೆ. ಒಡೆದುಹೋದ ಸಿಎಫ್‌ಎಲ್ ಮುಟ್ಟುವುದೇ ಬೇಡ.

ಮೀಟರಿನಲ್ಲಿ ಪರೀಕ್ಷೆ

ಹೆಸರು ಅಳಿಸಿಹೋದ ಡಯೋಡ್ ಯಾವ ಜಾತಿಯದು? ಷಾಟ್ಕಿ ಅಂತ ಮಾರಿದ್ದು ನಿಜವಾಗಿಯೂ ಷಾಟ್ಕಿಯೇ? ಇದಕ್ಕೆ ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಡಯೋಡ್ ಗುರುತಿನ ಜಾಗಕ್ಕೆ ತಿರುಗಿಸಿ, ಕೆಂಪು ಕಡ್ಡಿಯನ್ನು ಪಟ್ಟಿ ಇಲ್ಲದ ಕಾಲಿಗೂ ಕಪ್ಪು ಕಡ್ಡಿಯನ್ನು ಪಟ್ಟಿ ಇರುವ ಕಾಲಿಗೂ ಇಡಿ. ಸಾಧಾರಣ ಸಿಲಿಕಾನ್ ಡಯೋಡ್ ಆದರೆ 500ರಿಂದ 700ರ ನಡುವಿನ ಅಂಕಿ ತೋರಿಸುತ್ತದೆ. 1ಎನ್5819ನಂಥ ಷಾಟ್ಕಿ ಆದರೆ 150ರಿಂದ 250ರ ಆಸುಪಾಸು. (ಕೆಲವು ಮೀಟರಿನಲ್ಲಿ 0.55, 0.18 ಎಂದು ಕಾಣಬಹುದು, ಅರ್ಥ ಒಂದೇ.) ಮೈಮೇಲೆ 5819 ಅಂತ ಬರೆದಿದ್ದು ಮೀಟರು 580 ತೋರಿಸಿದರೆ, ಅದು ಬರೀ ಹೆಸರಿನ ಷಾಟ್ಕಿ. ಮುಖ ನೋಡದೆ ವಾಪಸು ಕೊಡಿ. ಕಡ್ಡಿ ತಿರುಗಿಸಿ ಹಿಡಿದಾಗ ಏನೂ ತೋರಿಸಬಾರದು. ಎರಡೂ ಕಡೆ ಸೊನ್ನೆ ತೋರಿಸಿ ಕೂಗಿದರೆ ಡಯೋಡ್ ಸತ್ತಿದೆ. ಪರೀಕ್ಷೆ ಮಾಡುವಾಗ ಡಯೋಡಿನ ಒಂದು ಕಾಲಾದರೂ ಬೋರ್ಡಿನಿಂದ ಬಿಚ್ಚಿರಬೇಕು, ಇಲ್ಲಾಂದ್ರೆ ಅಕ್ಕಪಕ್ಕದ ಸಾಮಾನಿನ ಅಂಕಿ ಸೇರಿಕೊಂಡು ದಾರಿ ತಪ್ಪಿಸುತ್ತದೆ.

ಹಳೆಯ ರೇಡಿಯೋದಲ್ಲಿ ಓಎ79ನಂಥ ಗಾಜಿನ ಜರ್ಮೇನಿಯಂ ಡಯೋಡ್ ಸಿಗುತ್ತದೆ. ಅದೂ ಮೀಟರಿನಲ್ಲಿ ಕಡಿಮೆ ಅಂಕಿಯೇ ತೋರಿಸುತ್ತದೆ. ಷಾಟ್ಕಿ ಅಂದುಕೊಂಡು ಟಾರ್ಚಿಗೆ ಹಾಕಬೇಡಿ. ರೇಡಿಯೋ ತರಂಗ ಹಿಡಿಯುವ ನಾಜೂಕಿನ ಸಾಮಾನು ಅದು, ಇಷ್ಟು ಕರೆಂಟು ತಾಳಲಾರದು.

ಸೋಲಾರ್ ಹಲಗೆ ಇರುವ ಕಡೆ

ಸಣ್ಣ ಸೋಲಾರ್ ಹಲಗೆಯಿಂದ ಸೆಲ್ಲು ಚಾರ್ಜ್ ಮಾಡುವ ದೀಪದಲ್ಲಿ ಇನ್ನೊಂದು ಡಯೋಡ್ ಬೇಕಾಗುತ್ತೆ. ರಾತ್ರಿ ಸೆಲ್ಲಿನ ಕರೆಂಟು ಹಲಗೆಗೆ ಹಿಂದಿರುಗಿ ಹೋಗದಂತೆ ತಡೆಯಲು. ಇಲ್ಲಿ ವೇಗದ ಪ್ರಶ್ನೆಯೇ ಇಲ್ಲ, ದಿನಕ್ಕೆ ಒಮ್ಮೆ ತೆರೆದು ಮುಚ್ಚುವ ಬಾಗಿಲು. ಹಾಗಾದರೆ 4007 ಸಾಕಲ್ಲ? ಒಂದು ನಿಕಲ್ ಸೆಲ್ಲು, 2 ವೋಲ್ಟಿನ ಹಲಗೆ ಇರುವ ದೀಪ ನೋಡಿ. ಚಾರ್ಜ್ ಆಗುವಾಗ ಸೆಲ್ಲಿಗೆ ಸುಮಾರು 1.4 ವೋಲ್ಟ್ ಬೇಕು. ಅದಕ್ಕೆ ಸಿಲಿಕಾನಿನ 0.7 ಸೇರಿಸಿದರೆ 2.1 ಆಯಿತು. ಹಲಗೆಯಲ್ಲಿ ಇರುವುದೇ 2! ಒಳ್ಳೆಯ ಬಿಸಿಲಿನಲ್ಲೂ ಸೆಲ್ಲು ಸರಿಯಾಗಿ ತುಂಬುವುದಿಲ್ಲ. ಷಾಟ್ಕಿ ಹಾಕಿದರೆ 1.7 ಸಾಕು, ಮೋಡ ಇದ್ದ ದಿನವೂ ಒಂದಿಷ್ಟು ಸೇರುತ್ತದೆ. “ಸೋಲಾರ್ ದೀಪ ಮಳೆಗಾಲದಲ್ಲಿ ಸತ್ತೇ ಹೋಗುತ್ತೆ” ಎಂಬ ದೂರಿಗೆ ಮೋಡ ಒಂದೇ ಕಾರಣ ಅಲ್ಲ. 12 ವೋಲ್ಟಿನ ಬ್ಯಾಟರಿಗೆ 17–18 ವೋಲ್ಟಿನ ಹಲಗೆ ಇದ್ದ ಕಡೆ ಈ ಕಟ್ಟುನಿಟ್ಟು ಇಲ್ಲ, ಅಲ್ಲಿ ಸಿಲಿಕಾನ್ ಡಯೋಡೂ ನಡೆಯುತ್ತದೆ.

ಸೆಲ್ಲು ತಿರುಗಾ ಹಾಕಿದರೆ ಸರ್ಕಿಟ್ ಸುಡಬಾರದು ಅಂತ ಸೆಲ್ಲಿನ ದಾರಿಯಲ್ಲೇ ಒಂದು ಡಯೋಡ್ ಸೇರಿಸುವ ಅಭ್ಯಾಸ ಕೆಲವರಿಗಿದೆ. ಒಂದು ಸೆಲ್ಲಿನ ಟಾರ್ಚಿನಲ್ಲಿ ಇದು ಬೇಡವೇ ಬೇಡ. ಷಾಟ್ಕಿ ಹಾಕಿದರೂ 1.2ರಲ್ಲಿ 0.3ಕ್ಕಿಂತ ಹೆಚ್ಚು ಅಲ್ಲೇ ಹೋಗುತ್ತದೆ, ಸೆಲ್ಲಿನ ಕಾಲು ಭಾಗಕ್ಕೂ ಮೀರಿ. ಅದರ ಬದಲು ಪಾಸಿಟಿವ್ ತಗಡಿನ ಸುತ್ತ ಒಂದು ಪ್ಲಾಸ್ಟಿಕ್ ಬಳೆ ಅಂಟಿಸಿ. ಸೆಲ್ಲಿನ ಉಬ್ಬಿದ ಮೂತಿ ಮಾತ್ರ ಒಳಗೆ ತಾಗುತ್ತದೆ. ಚಪ್ಪಟೆ ಬುಡವನ್ನು ತಿರುಗಾ ಇಟ್ಟರೆ ತಾಗುವುದೇ ಇಲ್ಲ. ಖರ್ಚು ಸೊನ್ನೆ.

ನೀವೇ ನೋಡಿ

ಇಷ್ಟೆಲ್ಲ ನಾವು ಹೇಳಿದ್ದನ್ನು ನಂಬಿ ಕೂರಬೇಕಾಗಿಲ್ಲ. ಮುಂದಿನ ವಾರ ಸಂಘದ ಸಭೆ ಮುಗಿದ ಮೇಲೆ ಒಂದು ಸರ್ಕಿಟ್ ಮೇಜಿನ ಮೇಲಿಡಿ. ಡಯೋಡಿನ ಜಾಗದಲ್ಲಿ ಬೆಸುಗೆ ಹಾಕದೆ ಎರಡು ಮೊಸಳೆ ಕ್ಲಿಪ್ ಹಾಕಿ. ಸೆಲ್ಲಿನ ದಾರಿಯಲ್ಲಿ ಒಂದು ಮೀಟರ್, ಎಲ್‌ಇಡಿಯ ದಾರಿಯಲ್ಲಿ ಇನ್ನೊಂದು. ಎರಡನ್ನೂ ದೊಡ್ಡ ಆಂಪಿಯರ್ ಅಳತೆಯ ತೂತಿನಲ್ಲೇ ಇಟ್ಟರೆ ಒಳ್ಳೆಯದು. ಸಣ್ಣ ಅಳತೆಯಲ್ಲಿ ಮೀಟರೇ ಒಂದಿಷ್ಟು ವೋಲ್ಟೇಜ್ ತಿಂದು ಸರ್ಕಿಟ್ಟನ್ನು ಕೆಡಿಸುತ್ತದೆ. ಮೊದಲು 4007 ಹಾಕಿ ಎರಡೂ ಅಂಕಿ ಬರೆದುಕೊಳ್ಳಿ, ಆಮೇಲೆ 5819 ಹಾಕಿ ಬರೆದುಕೊಳ್ಳಿ. ಸೆಲ್ಲು ಅದೇ ಇರಲಿ. ಎಲ್‌ಇಡಿಯ ಕರೆಂಟನ್ನು ಸೆಲ್ಲಿನ ಕರೆಂಟಿನಿಂದ ಭಾಗಿಸಿ ನೋಡಿದರೆ ಯಾವುದರಲ್ಲಿ ಹೆಚ್ಚು ಬರುತ್ತದೋ ಅದೇ ಒಳ್ಳೆಯ ಡಯೋಡ್. ಅಂಕಿಗಳನ್ನು ಒಂದು ನೋಟ್ ಪುಸ್ತಕದಲ್ಲಿ ತಾರೀಕು, ಟ್ರಾನ್ಸಿಸ್ಟರಿನ ಹೆಸರು, ಕಾಯಿಲಿನ ಸುತ್ತು ಸಮೇತ ಬರೆದಿಡಿ, ಮುಂದಿನ ಸಲ ಡಯೋಡ್ ತರಲು ಹೋಗುವವರ ಕೈಗೆ ಅದೇ ಪುಸ್ತಕ ಕೊಟ್ಟು ಕಳಿಸಿ.